ಮಳೆಯ ಬೆನ್ನು ಹತ್ತಿ: ಮುಗದದಿಂದ ಕಪ್ಪತಗುಡ್ಡ, ಸವಣೂರು, ಕುಸನೂರು

ಮೊದಲ ದಿನ: ಸೋಮೇಶ್ವರ, ಮುಗದ, ಅಳ್ನಾವರ ರಸ್ತೆ

"ಮಘಾ ಮಳಿ ಬಂದಷ್ಟೂ ಛಲೋ, ಮನಿ ಮಗ ಉಂಡಷ್ಟೂ ಛಲೋ" ಅಂತ ನಮ್ಮ ಕಡೆ ಮಾತಿದೆ. ಮಘಾ ಆಗಷ್ಟೇ ಹಿಡಿದಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಗೆಳೆಯನೊಬ್ಬನಿದ್ದಾನೆ, ಎಲ್ಲರೂ ಮಾಸ್ತರ ಅಂತಲೇ ಕರೆಯುತ್ತೇವೆ. ಮಳೆ ಎಲ್ಲಿ ಜೋರು, ಎಲ್ಲಿ ಸುಮ್ನೆ ಮೋಡ ತೋರಿಸಿ ಮುಂದೆ ಹೋಗುತ್ತದೆ ಅಂತ ಬೈಕ್ ಮೇಲೆ ಅದರ ಬೆನ್ನು ಹತ್ತಿ ನೋಡೋಣ ಅಂದವನು ಅವನೇ. ಕಾಡಿನ ಅಂಚಿನಿಂದ ಶುರು ಮಾಡಿ, ಗದಗ ಜಿಲ್ಲೆ ದಾಟಿ, ಹಾವೇರಿ ಸುತ್ತಿ ಹುಬ್ಬಳ್ಳಿಗೆ ವಾಪಸ್ ಬರುವುದು ಅಂತ ಠರಾವಾಯಿತು.

ಶುರು ಮಾಡಿದ್ದು ಧಾರವಾಡದ ಸೋಮೇಶ್ವರ ಗುಡಿಯಿಂದ. ಶಾಲ್ಮಲೆ ಹುಟ್ಟುವುದು ಇಲ್ಲೇ. ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ಧಾರವಾಡದ ಪೂರ್ವ ಮಗ್ಗುಲಿಗೆ ಬಿದ್ದ ಮಳೆ ಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಊರಿನ ಎರಡು ಓಣಿಯ ನೀರು ಎರಡು ಸಮುದ್ರಕ್ಕೆ! ಬೆಳಿಗ್ಗೆ ಎಂಟಕ್ಕೆ ಗುಡಿಯ ಮುಂದೆ ಚಹಾ ಕುಡಿಯುತ್ತಾ ಮಾಸ್ತರ ಇದನ್ನು ಹೇಳಿದಾಗ ಚಹಾದವನು ನಕ್ಕು, "ಹಂಗಾರ ನಾ ಬಟ್ಲಾ ತೊಳದ ನೀರು ಎತ್ತಾಗ ಹೋಗ್ತೈತ್ರಿ?" ಅಂದ. ಮಾಸ್ತರ ಗಂಭೀರವಾಗಿ ಗಟಾರದ ಇಳಿಜಾರು ನೋಡಿ ಗೋವಾ ಕಡೆ ಕೈ ತೋರಿಸಿದ.

ಅಳ್ನಾವರದ ರಸ್ತೆ ಹಿಡಿದು ಮುಗದಕ್ಕೆ ಬರುವಷ್ಟರಲ್ಲಿ ನೆಲವೇ ಬೇರೆ. ಧಾರವಾಡದ ಸುತ್ತ ಸೋಯಾಬೀನು, ಗೋವಿನಜೋಳ. ಇಲ್ಲಿ ಭತ್ತ. ನಾಟಿ ಮಾಡಿದ್ದಲ್ಲ, ಕೂರಿಗೆಯಲ್ಲಿ ಬಿತ್ತಿದ್ದು. ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವೇ ಇದೆ. ಬದುವಿನ ಮೇಲೆ ಗೊಪ್ಪೆ ಹಾಕಿಕೊಂಡು ನಿಂತಿದ್ದ ರೈತರೊಬ್ಬರು ಮಾತಿಗೆ ಸಿಕ್ಕರು. "ಮೊದಲ ಇಲ್ಲಿ ಎಲ್ಲಾ ಭತ್ತಾನ ರೀ. ಈಗ ಅರ್ಧಾ ಮಂದಿ ಗೋವಿನಜೋಳ, ಕಬ್ಬು ಅಂತ ಹೊಂಟಾರ. ಮಳಿ ಬರ್ತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಒಮ್ಮೆಲೇ ಬರ್ತೈತಿ, ಆಮ್ಯಾಲ ಇಪ್ಪತ್ತು ದಿನ ಪತ್ತೇನ ಇಲ್ಲ. ಭತ್ತಕ್ಕ ದಿನಾ ಒಂದೀಟು ಬೇಕಲ್ರೀ."

ಭೂಮಿ ಬಿಸಿಯಾದಾಗ ಆಗುವುದನ್ನು ಅವರು ಎರಡೇ ಮಾತಲ್ಲಿ ಹೇಳಿಬಿಟ್ಟಿದ್ದರು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದಾಗ ಧೋ ಅಂತ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ಬೆಣ್ಣಿಹಳ್ಳ ಉಕ್ಕಿ ಊರೂರಿಗೆ ನುಗ್ಗಿತ್ತು. 2023ರ ಆಗಸ್ಟು ಇಡೀ ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟು. ಆ ವರ್ಷ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ತಾಲೂಕು ಬರದ ಪಟ್ಟಿಗೆ ಸೇರಿದವು. ನಡುವೆ ಇದ್ದದ್ದು ನಾಲ್ಕೇ ವರ್ಷ.

ಮುಗದ ದಾಟಿದ ಮೇಲೆ ಕಾಡು. ಮಳೆ ಬಂದು ನಿಂತಿತು, ಆದರೆ ಕಾಡಿನೊಳಗೆ ಮಾತ್ರ ಇನ್ನೂ ಬರುತ್ತಲೇ ಇತ್ತು. ಬೈಕ್ ನಿಲ್ಲಿಸಿ ಸಾಗವಾನಿ ನೆಡುತೋಪಿನೊಳಗೆ ನಾಲ್ಕು ಹೆಜ್ಜೆ ಹೋದೆವು. ಸಾಗವಾನಿ ಎಲೆ ದೊಡ್ಡದು. ಸಣ್ಣ ಹನಿಗಳೆಲ್ಲ ಅದರ ಮೇಲೆ ಕೂಡಿಕೊಂಡು ದಪ್ಪ ಹನಿಯಾಗಿ ಟಪ್ ಅಂತ ಬೀಳುತ್ತವೆ. ಕೆಳಗೆ ನೆಲ ಬೋಳು. ಹನಿ ಬಿದ್ದಲ್ಲೆಲ್ಲ ಬೆರಳ ತುದಿಯಷ್ಟು ಗುಳಿ, ಗುಳಿಯ ಸುತ್ತ ಕೆಂಪು ರಾಡಿ ಸಿಡಿದ ಗುರುತು. ಸಣ್ಣ ಕಲ್ಲುಗಳ ಅಡಿಯಲ್ಲಿ ಮಾತ್ರ ಮಣ್ಣು ಉಳಿದು, ಪ್ರತಿ ಕಲ್ಲೂ ಒಂದೊಂದು ಕಟ್ಟೆಯ ಮೇಲೆ ಕೂತಿತ್ತು. ರಸ್ತೆಯ ಆಚೆ ಬದಿಯಲ್ಲಿ ಹತ್ತೆಂಟು ಜಾತಿ ಮರ, ಬಳ್ಳಿ, ಪೊದೆ ಬೆರೆತ ಕಾಡು. ಅಲ್ಲಿ ಕಾಲಿಟ್ಟರೆ ಹಿಮ್ಮಡಿ ಒಳಗೆ ಹೋಗುವಷ್ಟು ಕೊಳೆತ ಎಲೆ. ಕಟ್ಟಿಗೆ ಚುಚ್ಚಿದರೆ ಗೇಣುದ್ದ ಸಲೀಸಾಗಿ ಇಳಿಯಿತು. ಎರಡೂ ಕಡೆ ಸುರಿದದ್ದು ಒಂದೇ ಮಳೆ. ಒಂದು ಕಡೆ ಹರಿದು ಹೋಯಿತು, ಇನ್ನೊಂದು ಕಡೆ ಒಳಗೆ ಹೋಯಿತು.

"ಕಾಡು ಇದ್ದಿದ್ದಕ್ಕ ಮಳಿ ಬಂತೋ, ಮಳಿ ಬಂದಿದ್ದಕ್ಕ ಕಾಡು ಬೆಳೀತೋ?" ಮಾಸ್ತರನ ಪ್ರಶ್ನೆ. ಮರ ಮಳೆ ತರುತ್ತದೆ ಅಂತ ನಾವೆಲ್ಲ ಶಾಲೆಯ ಗೋಡೆಯ ಮೇಲೆ ಓದಿದವರು. ಆದರೆ ಸಹ್ಯಾದ್ರಿಯ ಮಳೆ ಮೊದಲು ಗುಡ್ಡದ ಲೆಕ್ಕ. ಸಮುದ್ರದ ಗಾಳಿ ಗುಡ್ಡ ಹತ್ತುತ್ತಾ ತಣ್ಣಗಾಗಿ ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಘಟ್ಟದ ಮರೆಯಲ್ಲಿರುವ ಧಾರವಾಡಕ್ಕೆ ಸುಮಾರು 800, ಗದಗಕ್ಕೆ 600ರ ಆಸುಪಾಸು. ಇದರಲ್ಲಿ ಕಾಡಿನ ಪಾತ್ರ ಎರಡನೆಯದು. ಬಿದ್ದ ನೀರನ್ನು ಬೇರಿನಿಂದ ಎಳೆದು ಎಲೆಯಿಂದ ಆವಿ ಮಾಡಿ ಗಾಳಿಗೆ ವಾಪಸ್ ಕೊಡುತ್ತದೆ. ಆ ಆವಿ ಗಾಳಿ ಹೋದ ಕಡೆ ಹೋಗುತ್ತದೆ, ಮುಂದಿನ ಯಾರದೋ ಊರಲ್ಲಿ ಮಳೆಯಾಗುತ್ತದೆ. ಬಾಂಬೆ ಐಐಟಿಯವರು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ತಮಿಳುನಾಡಿನ ಮುಂಗಾರು ಮಳೆಗೆ ಸಿಗುವ ತೇವದಲ್ಲಿ ಶೇ. 25ರಿಂದ 40ರಷ್ಟು ಪಶ್ಚಿಮ ಘಟ್ಟದ ಕಾಡುಗಳಿಂದ ಹೋದದ್ದು. ಕಾಡು ನಮ್ಮದು, ಮಳೆ ಅವರದು. ನೀರಿನ ಜಗಳದ ನಡುವೆ ಈ ಮಾತು ಯಾರೂ ಎತ್ತುವುದಿಲ್ಲ ನೋಡಿ!

ಸಂಜೆ ಹುಬ್ಬಳ್ಳಿ ಸೇರಿದೆವು. ದಾರಿಯಲ್ಲಿ ಗಿರ್ಮಿಟ್, ಮತ್ತೆ ಚಹಾ. ಹೇಳುವಂಥದ್ದೇನೂ ಇಲ್ಲ.

ಎರಡನೇ ದಿನ: ಅಣ್ಣಿಗೇರಿಯ ಎರೆ, ಗದಗಿನ ಬಜಿ

ಹುಬ್ಬಳ್ಳಿ ಬಿಟ್ಟು ಗದಗಿನ ಕಡೆ ಮುಖ ಮಾಡಿದರೆ ಆಕಾಶ ದೊಡ್ಡದಾಗುತ್ತದೆ. ಮರ ಕಡಿಮೆ, ಕಪ್ಪು ಮಣ್ಣಿನ ಎರೆ ಹೊಲ ಕಣ್ಣು ಮುಟ್ಟುವವರೆಗೆ. ಹೆಸರು ಕಟಾವಿಗೆ ಬಂದಿತ್ತು. ಹತ್ತಿ ಮೊಣಕಾಲೆತ್ತರ. ಮೋಡಗಳು ತಲೆಯ ಮೇಲೇ ಪೂರ್ವಕ್ಕೆ ಓಡುತ್ತಿದ್ದವು, ಒಂದೂ ನಿಲ್ಲಲಿಲ್ಲ.

ಅಣ್ಣಿಗೇರಿಗೆ ಸ್ವಲ್ಪ ಮೊದಲು ಒಬ್ಬರ ಕೃಷಿ ಹೊಂಡ ನೋಡಲು ಹೊಲದ ದಾರಿಗೆ ಇಳಿದೆವು. ರಾತ್ರಿ ಸಣ್ಣ ಮಳೆಯಾಗಿತ್ತಂತೆ. ಎರೆ ಮಣ್ಣಿನ ಗುಣ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಹಿಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಮಾಸ್ತರ ಇಳಿದ, ಅವನ ಚಪ್ಪಲಿ ಅಲ್ಲೇ ಉಳಿಯಿತು. ಜಾಲಿ ಕಟ್ಟಿಗೆ ಮುರಿದು ಅರ್ಧ ತಾಸು ಮಣ್ಣು ಕೆರೆದೆವು. ಕೆರೆದಷ್ಟೂ ಇನ್ನೊಂದು ಪದರ. ಹೊರಗೆ ಒಣಗಿದೆ ಅನಿಸುವ ಮಣ್ಣು ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ, ತಣ್ಣಗೆ. ಹೊಲದವರು ಬಂದು ನೋಡಿ, "ಎರಿ ಹೊಲದಾಗ ಮಳಿ ಆದ ಮರುದಿನ ಗಾಡಿ ಇಳಸ್ಬಾರದ್ರೀ, ದೇವರು ಬಂದ್ರೂ ನಡಕೋತ ಬರ್ಬೇಕು" ಅಂದರು. ಆಮೇಲೆ ತಾವೇ ನೀರು ತಂದು ತೊಳೆದುಕೊಟ್ಟರು. ಮಳೆಗಾಲದಲ್ಲಿ ಈ ಕಡೆ ಬರುವವರು ಗಾಡಿಯನ್ನು ಡಾಂಬರು ರಸ್ತೆಯ ಮೇಲೇ ಬಿಟ್ಟು ನಡೆದು ಹೋಗುವುದು ಒಳ್ಳೆಯದು.

ಮಧ್ಯಾಹ್ನ ಬಿಸಿಲು ಬಿತ್ತು. ಮಾಸ್ತರನ ಬ್ಯಾಗಿನಲ್ಲಿ ಒಂದು ಥರ್ಮಾಮೀಟರ್ ಇತ್ತು, ಗುರಿ ಹಿಡಿದು ಗುಂಡಿ ಒತ್ತಿದರೆ ನೆಲದ ಬಿಸಿ ತೋರಿಸುವಂಥದ್ದು. ರಸ್ತೆಯ ಡಾಂಬರು 47 ಡಿಗ್ರಿ. ಹೆಸರು ಕಿತ್ತ ಬೋಳು ಎರೆ 41. ಹತ್ತಿಯ ಸಾಲಿನ ನಡುವೆ 32. ರಸ್ತೆ ಬದಿಯ ಹಳೇ ಹುಣಸೆಯ ಕೆಳಗೆ 27. ಎಲ್ಲವೂ ಒಂದೇ ಗಳಿಗೆಯಲ್ಲಿ, ಐವತ್ತು ಹೆಜ್ಜೆಯೊಳಗೆ. ಹೊಲದವರಿಗೆ ಈ ಆಟ ಸೇರಿತು. ತಮ್ಮ ಅಂಗೈ, ಎಮ್ಮೆಯ ಬೆನ್ನು, ಮಾಸ್ತರನ ಬೋಳುತಲೆ ಎಲ್ಲದಕ್ಕೂ ಹಿಡಿಸಿ ನೋಡಿದರು.

ಹುಣಸೆಯ ಕೆಳಗಿನ ತಂಪು ಬರೀ ನೆರಳಿನದಲ್ಲ. ಎಲೆಯಿಂದ ಒಂದು ಲೀಟರ್ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು 24 ಲಕ್ಷ ಜೂಲ್ ಶಾಖ ಬೇಕು. 1,000 ವಾಟಿನ ಕಾಯಿಲ್ 40 ನಿಮಿಷ ಉರಿದರೆ ಬರುವಷ್ಟು. ಆ ಶಾಖ ಸುತ್ತಲಿನ ಗಾಳಿಯಿಂದ ಹೋಗುತ್ತದೆ. ದೊಡ್ಡ ಮರವೊಂದು ದಿನಕ್ಕೆ ನೂರಾರು ಲೀಟರ್ ಬಿಡುತ್ತದೆ, ಅದೂ ಬೇರಿಗೆ ನೀರು ಸಿಕ್ಕರೆ ಮಾತ್ರ. ಬರಗಾಲದಲ್ಲಿ ಮರ ಎಲೆಯ ರಂಧ್ರ ಮುಚ್ಚಿಕೊಂಡು ಕೂರುತ್ತದೆ. ಬಿಸಿ ಜಾಸ್ತಿಯಾಗಿ ತಂಪು ಬೇಕಾದ ಹೊತ್ತಿಗೇ ತಂಪು ನಿಲ್ಲುತ್ತದೆ. ಕಾಡು ಹವೆಯನ್ನು ತಿದ್ದುತ್ತದೆ ಅನ್ನುವುದು ನಿಜ. ಆದರೆ ಹವೆ ಕೆಟ್ಟರೆ ಮೊದಲು ಕಟ್ಟಿಹೋಗುವುದೂ ಕಾಡಿನ ಕೈಯೇ.

ಗದಗಕ್ಕೆ ಬಂದಾಗ ಮೂರು ಗಂಟೆ. ಊಟದ ಹೊತ್ತು ಮೀರಿತ್ತು. ಗದಗಿನಲ್ಲಿ ಅದೇನು ದೊಡ್ಡ ಚಿಂತೆಯಲ್ಲ. ಮಿರ್ಚಿ ಬಜಿ, ಬದನೆಕಾಯಿ ಬಜಿ, ಜೊತೆಗೆ ಒಗ್ಗರಣೆ ಮಂಡಕ್ಕಿ. ಬದನೆಕಾಯಿ ಬಜಿಯನ್ನು ಮೊದಲ ಸಲ ತಿನ್ನುವವರು ಸ್ವಲ್ಪ ಆರಲು ಬಿಡಿ, ಒಳಗಿನ ಬಿಸಿ ನಾಲಿಗೆ ಕಿತ್ತು ಕೈಗೆ ಕೊಡುತ್ತದೆ.

ಸಂಜೆ ಡಂಬಳ. ದೊಡ್ಡಬಸಪ್ಪನ ಗುಡಿಯ ಗೋಡೆ ಮೂಲೆಯ ಮೇಲೆ ಮೂಲೆಯಾಗಿ ನಕ್ಷತ್ರದ ಹಾಗೆ ಸುತ್ತುತ್ತದೆ. 12ನೇ ಶತಮಾನದ ಕೆಲಸ. ಸುತ್ತ ಒಂದು ಸಲ ಕೈ ಆಡಿಸಿಕೊಂಡು ಬಂದರೆ ಎಷ್ಟು ಮೂಲೆ ದಾಟಿದೆವು ಅನ್ನುವ ಲೆಕ್ಕ ತಪ್ಪುತ್ತದೆ. ಪೂಜಾರಿಗಳು ಬಾಗಿಲು ಹಾಕುವ ಹೊತ್ತು. ದಕ್ಷಿಣದ ಕಡೆ ಕೈ ತೋರಿಸಿ, "ನಾಳೆ ಗುಡ್ಡಕ್ಕ ಹೋಗಾವ್ರಾದ್ರ ನಸುಕಿನ್ಯಾಗ ಹೋಗ್ರಿ, ಹತ್ತರ ಮ್ಯಾಲ ಗಾಳಿ ನಿಮ್ಮನ್ನ ನಿಲ್ಲಸಾಂಗಿಲ್ಲ" ಅಂದರು. ಅಲ್ಲಿ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳ ಕೆಳಗೆ ಕಡು ಹಸಿರಾಗಿ ಉದ್ದಕ್ಕೆ ಮಲಗಿದ್ದದ್ದು ಕಪ್ಪತಗುಡ್ಡ.

ಮೂರನೇ ದಿನ: ಕಪ್ಪತಗುಡ್ಡ

ಈ ಪ್ರವಾಸ ಮಾಡಿದ್ದೇ ಇದಕ್ಕೆ ಅಂದರೂ ಸರಿ.

ಡೋಣಿ ಕಡೆಯಿಂದ ಹತ್ತಿದೆವು. ಇದು ಈಗ ಅಭಯಾರಣ್ಯ. ಅರಣ್ಯ ಇಲಾಖೆಯವರನ್ನು ಕೇಳದೆ ಮನಸ್ಸಿಗೆ ಬಂದ ಕಡೆ ನುಗ್ಗುವಂತಿಲ್ಲ. ಮೊದಲೇ ವಿಚಾರಿಸಿಕೊಂಡು ಹೋದರೆ ಗೇಟಿನಲ್ಲಿ ಕಾಯುವುದು ತಪ್ಪುತ್ತದೆ. ನೀರು, ರೊಟ್ಟಿ ಕಟ್ಟಿಕೊಂಡೇ ಹೋಗಬೇಕು, ಮೇಲೆ ಏನೂ ಸಿಗುವುದಿಲ್ಲ. ಡೋಣಿಯ ಒಂದು ಮನೆಯಲ್ಲಿ ಹೇಳಿ ಮಾಡಿಸಿಕೊಂಡಿದ್ದೆವು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಆ ತಾಯಿ ದುಡ್ಡು ತೆಗೆದುಕೊಂಡರು, ಆದರೆ ಮೊಸರಿಗೆ ಮಾತ್ರ ಬೇಡವೆಂದರು. "ಮಸರಿಗೆ ಯಾರಾರ ರೊಕ್ಕಾ ತಗೋತಾರೇನ್ರೀ" ಅಂತ ಬೈದೇಬಿಟ್ಟರು.

ಮಲೆನಾಡಿನ ಕಾಡನ್ನು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಕಪ್ಪತಗುಡ್ಡ ಕಾಡು ಅನಿಸುವುದೇ ಇಲ್ಲ. ಆಕಾಶ ಮುಚ್ಚುವ ಮರ ಇಲ್ಲ. ಬಾರಿ, ಕಾರಿ, ಕಕ್ಕೆ, ಮುಳ್ಳುಪೊದೆ. ಅವುಗಳ ನಡುವೆ ಹುಲ್ಲು, ಹುಲ್ಲು, ಬರೀ ಹುಲ್ಲು. ಆಗಸ್ಟಿನಲ್ಲಿ ಸೊಂಟದೆತ್ತರ. ಗಾಳಿ ಬೀಸಿದಾಗ ಇಡೀ ಇಳಿಜಾರು ಒಂದು ಕಡೆಯಿಂದ ಬಣ್ಣ ಬದಲಿಸುತ್ತಾ ಹೋಗುತ್ತದೆ. ಒಂದು ಜಾತಿಯ ಹುಲ್ಲನ್ನು ಅಂಗೈಯಲ್ಲಿ ತಿಕ್ಕಿದರೆ ಲಿಂಬೆಹಣ್ಣಿನ ವಾಸನೆ. ಕೈ ತೊಳೆದರೂ ಸಂಜೆಯವರೆಗೆ ಹೋಗಲಿಲ್ಲ. ಗಿಡಗಳು ಬಿಡುವ ಇಂಥ ವಾಸನೆಯ ಅಣುಗಳು ಗಾಳಿಯಲ್ಲಿ ಸೇರಿ, ಬದಲಾಗಿ, ಅತಿ ಸಣ್ಣ ಕಣಗಳಾಗುತ್ತವೆ. ನೀರಾವಿ ಹನಿಯಾಗಬೇಕಾದರೆ ಹಿಡಿದುಕೊಳ್ಳಲು ಏನಾದರೂ ಕಣ ಬೇಕು. ಧೂಳು, ಸಮುದ್ರದ ಉಪ್ಪು, ಹೊಗೆ, ಅಥವಾ ಇಂಥದ್ದು. ಹಾಗಂತ ಈ ಗುಡ್ಡವೇ ಮೋಡ ಹುಟ್ಟಿಸುತ್ತದೆ ಅಂತ ನಾನು ಹೇಳಲಾರೆ. ಅಭಯಾರಣ್ಯದ ವಿಸ್ತಾರ 244 ಚದರ ಕಿಲೋಮೀಟರು. ಮಳೆಯ ಲೆಕ್ಕದಲ್ಲಿ ಅದು ತೀರಾ ಸಣ್ಣದು. ಕಾಡು ತನ್ನ ಮಳೆಯನ್ನು ತಾನೇ ತಿರುಗಿಸಿಕೊಳ್ಳುವುದು ಅಮೆಜಾನಿನಷ್ಟು ದೊಡ್ಡದಿದ್ದಾಗ. ಬ್ರೆಜಿಲ್‌ನ ವಿಜ್ಞಾನಿ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನ ಆಮ್ಲಜನಕದ ಐಸೊಟೋಪ್, ಅಂದರೆ ತೂಕ ಬೇರೆಯಾದ ಪರಮಾಣುಗಳನ್ನು, ಅಳೆದು ಅದನ್ನು ತೋರಿಸಿದರು. ಅಟ್ಲಾಂಟಿಕ್‌ನಿಂದ ಬಂದ ನೀರು ಒಳನಾಡಿಗೆ ಹೋಗುತ್ತಾ ಹಲವು ಸಲ ಬಿದ್ದು, ಎದ್ದು, ಮತ್ತೆ ಬೀಳುತ್ತದೆ.

ಹಾಗಾದರೆ ಕಪ್ಪತಗುಡ್ಡ ಏನು ಮಾಡುತ್ತದೆ? ಇದಕ್ಕೆ ಉತ್ತರ ಕೊಟ್ಟವರು ಗಾಳಿಗುಂಡಿ ಬಸವಣ್ಣನ ಗುಡಿಯ ದಾರಿಯಲ್ಲಿ ಸಿಕ್ಕ ಕುರಿಗಾಹಿ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮೊಬೈಲು, ಅದರಲ್ಲಿ ಭಜನೆ ಪದ. "ಮಳಿ ತರೂದು ಇದರ ಕೈಯಾಗಿಲ್ಲ ತಮ್ಮಾ. ಬಂದದ್ದನ್ನ ಓಡಿ ಹೋಗದಂಗ ಹಿಡೀತೈತಿ. ಹುಲ್ಲು ಛಲೋ ಇದ್ದ ವರ್ಷ ಕೆಳಗಿನ ಹಳ್ಳ ದೀಪಾವಳಿ ದಾಟತಾವ. ಬೆಂಕಿ ಬಿದ್ದ ವರ್ಷ ದಸರಾಕ್ಕೇ ಮುಗೀತು."

ಬೆಂಕಿ ಇಲ್ಲಿನ ದೊಡ್ಡ ಪಿಡುಗು. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಅಂತ ಬೇಕಂತಲೇ ಹಚ್ಚುವವರೂ ಇದ್ದಾರೆ. ಅಜ್ಜನನ್ನು ಕೇಳಿದೆ. ಅವರು ಕಣ್ಣು ಸಣ್ಣ ಮಾಡಿ ನಕ್ಕರು, ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕುರಿಗಳನ್ನು ಮೇಲಿನ ಗೇಟಿನೊಳಗೆ ಬಿಡುವುದಿಲ್ಲ ಅನ್ನುವ ಸಿಟ್ಟು ಅವರಿಗಿತ್ತು. "ಅಭಯಾರಣ್ಯ ಅಂತಾರ. ಯಾರಿಗೆ ಅಭಯ? ತ್ವಾಳಕ್ಕ. ನನ್ನ ಕುರಿಗಿ ಅಲ್ಲ." ತೋಳ, ಕತ್ತೆಕಿರುಬ ಎರಡೂ ಇಲ್ಲಿವೆ. ಹೋದ ವರ್ಷ ಅವರ ಎರಡು ಮರಿ ಹೋದವಂತೆ.

ಹುಲ್ಲುಗಾವಲನ್ನು ಪಾಳು ಜಮೀನು ಅಂತ ಬರೆದಿಡುವ ಚಾಳಿ ನಮ್ಮಲ್ಲಿ ಬ್ರಿಟಿಷರ ಕಾಲದ್ದು. ಪಾಳು ಅಂದಮೇಲೆ ಗಣಿ ತೋಡು, ಇಲ್ಲವೇ ಮರ ನೆಡು. ಹುಲ್ಲು ಗಾಳಿಯಿಂದ ಎಳೆದ ಇಂಗಾಲದ ಬಹುಪಾಲು ಇರುವುದು ನೆಲದ ಕೆಳಗೆ, ಬೇರಿನಲ್ಲಿ ಮತ್ತು ಮಣ್ಣಿನಲ್ಲಿ. ಮೇಲೆ ಬೆಂಕಿ ಬಿದ್ದರೂ ಅದು ಅಲ್ಲೇ ಉಳಿಯುತ್ತದೆ. ಉತ್ತರ ಧ್ರುವದ ಕಡೆ ಇನ್ನೊಂದು ತಮಾಷೆ. ಅಲ್ಲಿನ ಬಿಳಿ ಹಿಮದ ಮೇಲೆ ಕಡು ಹಸಿರು ಕಾಡು ಎದ್ದರೆ ಬಿಸಿಲು ವಾಪಸ್ ಹೋಗುವ ಬದಲು ನೆಲಕ್ಕೇ ಇಳಿಯುತ್ತದೆ, ಸುತ್ತಲಿನ ಹವೆ ಬಿಸಿಯಾಗುತ್ತದೆ. ಮರ ಎಲ್ಲಿ ನೆಟ್ಟರೂ ತಂಪು ಅನ್ನುವ ಹಾಗಿಲ್ಲ. ಎಲ್ಲಿ, ಯಾವುದು ಅನ್ನುವ ಪ್ರಶ್ನೆ ಇದ್ದೇ ಇದೆ.

ಈ ಗುಡ್ಡದಲ್ಲಿ ಚಿನ್ನವಿದೆ. ಕಬ್ಬಿಣ, ಮ್ಯಾಂಗನೀಸ್ ಇವೆ. ಬ್ರಿಟಿಷರ ಕಾಲದಲ್ಲೇ ಕಬಲಾಯತಕಟ್ಟಿಯ ಕಡೆ ಚಿನ್ನ ತೋಡಿದ್ದರು. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದಾಗ ರೈತರು ಎದ್ದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರಲ್ಲಿ ಯೋಜನೆ ಹಿಂದೆ ಹೋಯಿತು. ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಅದನ್ನು ಕಿತ್ತುಹಾಕಿದರು, ಜನ ಬೀದಿಗೆ ಬಂದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. ಅಭಯಾರಣ್ಯದ ಆದೇಶ ಬಂದದ್ದು ಮರುವರ್ಷ. ಅವರು ಅದನ್ನು ನೋಡಬೇಕಿತ್ತು.

ಗಾಳಿಗುಂಡಿಯಲ್ಲಿ ನಿಂತರೆ ಮಾತಾಡಲು ಆಗುವುದಿಲ್ಲ. ಮಾಸ್ತರನ ಟೋಪಿ ಹಾರಿ ಕಣಿವೆಗೆ ಹೋಯಿತು. ರೊಟ್ಟಿ ಬಿಚ್ಚಿದರೆ ಚಟ್ನಿ ಪುಡಿಯೂ ಹಾರಿತು, ಬಂಡೆಯ ಮರೆಗೆ ಬಂದು ಕೂತು ಉಂಡೆವು. ಪಡುವಣದಿಂದ ಬೂದು ಬಣ್ಣದ ಒಂದು ಪರದೆ ನಿಧಾನ ಬರುತ್ತಿತ್ತು. ಗದಗಿನ ಮೇಲೆ ಬೀಳಲಿಲ್ಲ. ಎರೆ ಹೊಲದ ಮೇಲೆ ಬೀಳಲಿಲ್ಲ. ಗುಡ್ಡದ ಅಡಿಗೆ ಬಂದಾಗ ತುಸು ಎತ್ತರಕ್ಕೆ ಏರಿ, ಹತ್ತು ನಿಮಿಷ ನಮ್ಮನ್ನು ತೋಯಿಸಿ, ತುಂಗಭದ್ರೆಯ ಕಡೆ ಇಳಿದು ಹೋಯಿತು. "ನೋಡು, ಗುಡ್ಡ ತಂತು!" ಅಂತ ಮಾಸ್ತರ ಒದರಿದ. ಅಜ್ಜ ಹೇಳಿದ್ದು ಮಳೆ ತರುವುದಿಲ್ಲ ಅಂತ, ಇವನು ಹೇಳುವುದು ತರುತ್ತದೆ ಅಂತ. ನನಗೆ ಅನಿಸಿದ್ದು, ಹತ್ತು ನಿಮಿಷದ ಆ ಮಳೆ ಗುಡ್ಡದ ಎತ್ತರದ್ದು. ಅದು ಇಳಿಜಾರಿನಲ್ಲಿ ರಾಡಿಯಾಗಿ ಹರಿಯದೆ ಹುಲ್ಲಿನ ಬುಡದಲ್ಲಿ ಮಾಯವಾದದ್ದು ಹುಲ್ಲಿನದು.

ನಾಲ್ಕನೇ ದಿನ: ಸವಣೂರಿನ ದೊಡ್ಡ ಹುಣಸೆ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ರಸ್ತೆ ಕೆಲವು ಕಡೆ ಛಲೋ, ಕೆಲವು ಕಡೆ ಗುಂಡಿಗಳ ನಡುವೆ ರಸ್ತೆ ಹುಡುಕಬೇಕು. ಮಾಗಡಿ ಕೆರೆ ಈಗ ಖಾಲಿ ಖಾಲಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುವುದು ಚಳಿಗಾಲಕ್ಕೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಕೆರೆಗೆ ಹೆಸರು ಬಂದಿದೆ.

ಸವಣೂರಿಗೆ ಹೋದದ್ದು ಖಾರಾ, ವೀಳ್ಯದೆಲೆಗಾಗಿ ಅಂತ ಮನೆಯಲ್ಲಿ ಹೇಳಿದ್ದೆ. ನಿಜವಾಗಿ ಹೋದದ್ದು ದೊಡ್ಡಹುಣಸೆ ಕಲ್ಮಠಕ್ಕೆ. ಅಲ್ಲಿನ ಮರಗಳು ನಮ್ಮ ಹುಣಸೆ ಅಲ್ಲ. ಆಫ್ರಿಕಾದ ಬಾವೊಬಾಬ್. ಯಾವ ಕಾಲದಲ್ಲಿ ಯಾರು ತಂದರೋ, ಒಬ್ಬೊಬ್ಬರದು ಒಂದೊಂದು ಕಥೆ. ಶ್ರೀಕೃಷ್ಣನೇ ತಂದ ಅಂತಲೂ ಹೇಳುತ್ತಾರೆ. ಕಾಂಡದ ಸುತ್ತ ನಾವಿಬ್ಬರೂ ಕೈ ಚಾಚಿ ನಿಂತರೆ ಕಾಲುಭಾಗವೂ ಮುಚ್ಚಲಿಲ್ಲ. ತೊಗಟೆ ಬೂದು, ನುಣುಪು, ಅಲ್ಲಲ್ಲಿ ಮಡಿಕೆ. ಬೆರಳ ಗಿಣ್ಣಿನಿಂದ ತಟ್ಟಿದರೆ ಗಟ್ಟಿ ಕಟ್ಟಿಗೆಯ ಸದ್ದು ಬರುವುದಿಲ್ಲ, ಮೆತ್ತಗೆ ಧಪ್ ಅನ್ನುತ್ತದೆ. ಒಳಗೆ ನೀರು. ಮಳೆಗಾಲದಲ್ಲಿ ಕುಡಿದು ಇಟ್ಟುಕೊಂಡು, ಒಣಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ತಿಂಗಳುಗಟ್ಟಲೆ ಸುಮ್ನೆ ನಿಲ್ಲುತ್ತದೆ.

ಮೂರು ಮರಗಳಲ್ಲಿ ಒಂದು 2023ರ ಜುಲೈ ಮಳೆಗೆ ಉರುಳಿತ್ತು. ಅದನ್ನು ಯಂತ್ರ ತರಿಸಿ ಎತ್ತಿ ಮತ್ತೆ ನೆಟ್ಟರು. ನೆರಳಲ್ಲಿ ಕೂತಿದ್ದ ಹುಡುಗನೊಬ್ಬ ಆ ದಿನದ ವಿಡಿಯೊ ತೋರಿಸಿದ. ಊರಿಗೆ ಊರೇ ನೆರೆದಿತ್ತು. "ಅಜ್ಜನ ಕಾಲದಿಂದ ಬಿರಗಾಳಿ ನೋಡೇತ್ರಿ ಇದು. ಆ ಸಲ ನೆಲಾನ ಮೆತ್ತಗಾಗಿತ್ತು" ಅಂದ.

ಹಾವೇರಿಯಲ್ಲಿ ತಂಗಿದೆವು. ಬಸ್‌ಸ್ಟ್ಯಾಂಡ್ ಹತ್ತಿರ ಏಲಕ್ಕಿ ಹಾರ ಕೊಳ್ಳಲು ಮಾಸ್ತರ ಚೌಕಾಶಿ ಮಾಡಿದ, ಸೋತ.

ಕೊನೆಯ ದಿನ: ಚಿಗರಿ, ನೀಲಗಿರಿ, ಕುಸನೂರು

ಕತ್ತಲಿರುವಾಗಲೇ ಹೊರಟು ರಾಣೆಬೆನ್ನೂರು. ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರು. ಕೃಷ್ಣಮೃಗ ಅಂದರೆ ಇಲ್ಲಿ ಯಾರೂ ಪಕ್ಕನೆ ತಿರುಗಿ ನೋಡುವುದಿಲ್ಲ, ಚಿಗರಿ ಅನ್ನಬೇಕು. ಬಯಲಿನ ಪ್ರಾಣಿ ಇದು. ದೂರ ಕಾಣಬೇಕು, ಓಡಲು ಜಾಗ ಬೇಕು. ಆದರೆ ಅಭಯಾರಣ್ಯದ ದೊಡ್ಡ ಪಾಲಿನಲ್ಲಿ ನೀಲಗಿರಿ ನೆಟ್ಟಿದ್ದಾರೆ. ಸಾಲು ಸಾಲು, ಕೆಳಗೆ ಹುಲ್ಲಿಲ್ಲ, ಹಕ್ಕಿ ಸದ್ದೂ ಕಡಿಮೆ. ನಮಗೆ ಚಿಗರಿ ಕಂಡದ್ದು ಅಭಯಾರಣ್ಯದ ಹೊರಗೆ, ಒಬ್ಬರ ಗೋವಿನಜೋಳದ ಹೊಲದಲ್ಲಿ! ಒಂದು ಕಪ್ಪು ಗಂಡು, ಏಳೆಂಟು ಹೆಣ್ಣು. ಹೊಲದವರು ಕವಣೆ ಹಿಡಿದು ಓಡಿ ಬಂದರು. "ಒಳಗ ಮೇವಿಲ್ಲ, ಅದಕ್ಕ ಹೊರಗ ಬರ್ತಾವ. ಅವಕ್ಕೂ ಹೊಟ್ಟಿ ಐತಿ, ನನಗೂ ಐತಿ." ಹಿಂದೆ ಇಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಅದಕ್ಕೂ ಬೇಕಾಗಿದ್ದದ್ದು ಬಯಲೇ.

ನೀಲಗಿರಿ ನೀರು ಕುಡಿಯುತ್ತದೋ ಇಲ್ಲವೋ ಅನ್ನುವ ಜಗಳ ಕರ್ನಾಟಕದಲ್ಲಿ ಹಳೆಯದು. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ತಂಡ ಅಳೆದಾಗ ಅಲ್ಲಿನ ಆಳ ಮಣ್ಣಿನಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ನೀಲಗಿರಿ ಎಳೆದಿತ್ತು. ಬೇರು ವರ್ಷ ವರ್ಷ ಆಳಕ್ಕೆ ಹೋಗಿ ಹಳೇ ತೇವವನ್ನೂ ಖಾಲಿ ಮಾಡಿತ್ತು. ಶಿವಮೊಗ್ಗದ ಕಡೆ ಅಳೆದಾಗ ಅಲ್ಲಿನ ಸಹಜ ಕಾಡಿನಷ್ಟೇ ಕುಡಿದಿತ್ತು. ಮರ ಒಂದೇ, ನೆಲ ಬೇರೆ, ಮಳೆ ಬೇರೆ. ಮಾಸ್ತರ ಒಂದು ಕೊಕ್ಕೆ ಹಾಕಿದ: ಜಾಸ್ತಿ ಕುಡಿದರೆ ಜಾಸ್ತಿ ಆವಿ, ಜಾಸ್ತಿ ಆವಿ ಅಂದರೆ ಮಳೆಗೆ ಒಳ್ಳೆಯದಲ್ವಾ? ಆವಿ ಗಾಳಿಯ ಜೊತೆ ಬಳ್ಳಾರಿಗೋ ರಾಯಲಸೀಮೆಗೋ ಹೋಗುತ್ತದೆ. ಬತ್ತುವುದು ಮಾತ್ರ ಈ ಊರಿನ ಬಾವಿ. ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಲ್ಲಿಸಿತು.

ಇದನ್ನು ಮೂವತ್ತು ವರ್ಷ ಮೊದಲೇ ಹೇಳಿದವರು ಹಾನಗಲ್ ತಾಲೂಕಿನ ಕುಸನೂರಿನಲ್ಲಿದ್ದರು. ಅದಕ್ಕೇ ಮಧ್ಯಾಹ್ನ ಅತ್ತ ತಿರುಗಿದೆವು. ಹಾನಗಲ್ ಕಡೆ ಬಂದಂತೆ ಮತ್ತೆ ಭತ್ತ, ಮಾವು, ಮತ್ತೆ ಮಳೆ. 1980ರ ದಶಕದಲ್ಲಿ ಊರೂರಿನ ಗೋಮಾಳ, ಗುಡ್ಡಗಳನ್ನೆಲ್ಲ ಸೇರಿಸಿ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ ಜಂಟಿ ಕಂಪನಿಗೆ ಕೊಡಲು ಸರ್ಕಾರ ಹೊರಟಿತ್ತು. 1987ರ ನವೆಂಬರ್ 14ರಂದು ಜನ ಕುಸನೂರಿನಲ್ಲಿ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ, ಅದರ ಎಸ್.ಆರ್. ಹಿರೇಮಠರು ಮುಂದೆ ಇದ್ದರು. ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತಲೇ ಆ ಸತ್ಯಾಗ್ರಹದ ಹೆಸರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿ ಮುಚ್ಚಿತು. ಆಗ ಇದೆಲ್ಲ ಧಾರವಾಡ ಜಿಲ್ಲೆಯೇ, ಹಾವೇರಿ, ಗದಗ ಬೇರೆಯಾದದ್ದು 1997ರಲ್ಲಿ.

ಚಹಾದ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಆಗ ಹರೆಯದ ಹುಡುಗನಾಗಿದ್ದವರು. ಮಳೆ, ಹವೆ, ಇಂಗಾಲ ಅಂತೆಲ್ಲ ಅವರು ಮಾತಾಡಲಿಲ್ಲ. "ದನಾ ಎಲ್ಲಿ ಬಿಡೂದು, ಕಟಗಿ ಎಲ್ಲಿಂದ ತರೂದು, ಬರೀ ಇದ ನಮ್ಮ ಪ್ರಶ್ನೆ ಆಗಿತ್ತು" ಅಂದರು. ಮಾಸ್ತರ ತನ್ನ ಶಾಲೆಗೆ ಏನು ನೆಡಲಿ ಅಂತ ಕೇಳಿದ. ಕರಿ ಎರಿನೋ ಕೆಂಪು ಮಸಾರಿನೋ, ಬಾವಿ ಎಷ್ಟು ಆಳ, ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಅವರು ತಿರುಗಿ ಕೇಳಿದರು. ಮೊದಲ ಎರಡಕ್ಕೆ ಉತ್ತರವಿತ್ತು. ಮೂರನೆಯದಕ್ಕೆ ಮಾಸ್ತರ ನನ್ನ ಮುಖ ನೋಡಿದ.

ತಡಸದ ದಾರಿಯಲ್ಲಿ ಹುಬ್ಬಳ್ಳಿಗೆ ಹೊರಟೆವು. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ದೀಪವಿಲ್ಲದೆ ಬರುತ್ತವೆ, ಹೊತ್ತಿಗೆ ಮೊದಲೇ ದಾಟುವುದು ಲೇಸು. ಡಿಸೆಂಬರಿನಲ್ಲಿ ಮಾಗಡಿಗೂ ರಾಣೆಬೆನ್ನೂರಿಗೂ ಮತ್ತೆ ಹೋಗುವ ಯೋಚನೆ ಇದೆ. ಆಗ ಹುಲ್ಲು ಬಾಗಿರುತ್ತದೆ, ಚಿಗರಿ ಚೆನ್ನಾಗಿ ಕಾಣುತ್ತವೆ. ಬೇಸಿಗೆ ರಜೆಯ ನೀರಿನ ಪಾಳಿಯಲ್ಲಿ ಮಾಸ್ತರ ನನ್ನ ಹೆಸರನ್ನು ಆಗಲೇ ಬರೆದುಕೊಂಡಿದ್ದಾನೆ, ಬುಧವಾರಕ್ಕೆ.